ನೆನೆದ ಬುಶ್, ಒಣಗಿದ ಬುಶ್: ಗಂಗಾವತಿ ಕಡೆಯ ಅಕ್ಕಿ ಮಿಲ್ಲಿನಲ್ಲಿ ಪುಂಡಿ ನಾರಿನ ಒಂದು ಪ್ರಕರಣ

ಇದು ಶುರುವಾದದ್ದು 2024ರ ಆಗಸ್ಟ್‌ನಲ್ಲಿ. ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋಗಿ, ಈ ಸಲ ಭತ್ತಕ್ಕೆ ನೀರು ಸಿಗುತ್ತೋ ಇಲ್ಲವೋ ಅಂತ ಗಂಗಾವತಿ, ಕಾರಟಗಿ ಕಡೆಯವರೆಲ್ಲ ಕಂಗಾಲಾಗಿದ್ದ ದಿನಗಳು. ಅದೇ ಹೊತ್ತಿಗೆ ನನ್ನ ಮೂವರು ವಿದ್ಯಾರ್ಥಿಗಳು, ಒಬ್ಬಳು ಹುಡುಗಿ ಇಬ್ಬರು ಹುಡುಗರು, ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ವಿಷಯ ಹುಡುಕಿಕೊಂಡು ಬಂದರು. ನಾನು ಕೊಪ್ಪಳ ಜಿಲ್ಲೆಯ ಒಂದು ಕಾಲೇಜಿನಲ್ಲಿ ಮೆಕ್ಯಾನಿಕಲ್ ಪಾಠ ಮಾಡುತ್ತೇನೆ. ಮಿಲ್ಲು, ಮಾಲೀಕರು, ಮೇಸ್ತ್ರಿ, ಮಕ್ಕಳು ಯಾರ ಹೆಸರೂ ಇಲ್ಲಿ ಬರೆಯುವುದಿಲ್ಲ. ಗುರುತು ಸಿಗಬಾರದು ಅಂತ ಒಂದೆರಡು ಸಣ್ಣ ವಿವರ ಬದಲಿಸಿದ್ದೇನೆ. ತಪ್ಪುಗಳನ್ನು ಮಾತ್ರ ಬದಲಿಸಿಲ್ಲ, ಯಾಕಂದರೆ ಬೇರೆಯವರಿಗೆ ಉಪಯೋಗಕ್ಕೆ ಬರುವುದು ಅವೇ.

ಹುಡುಗಿಯ ಮನೆಯಲ್ಲಿ ಪುಂಡಿ ಬೆಳೆಯುತ್ತಿದ್ದರು. ಪುಂಡಿ ಪಲ್ಯ ನಮ್ಮ ಕಡೆ ಎಲ್ಲರಿಗೂ ಗೊತ್ತು. ಅದೇ ಗಿಡವನ್ನು ಎತ್ತರಕ್ಕೆ ಬಿಟ್ಟು, ಕಾಂಡವನ್ನು ಕೆರೆಯಲ್ಲಿ ಸುಮಾರು ಎರಡು ವಾರ ಕೊಳೆಹಾಕಿ, ಸಿಪ್ಪೆ ಸುಲಿದು ತೊಳೆದರೆ ನಾರು ಬರುತ್ತದೆ. ಹಗ್ಗ, ಕಣ್ಣಿ ಹೊಸೆಯುತ್ತಿದ್ದುದು ಇದರಿಂದಲೇ. ಪುಸ್ತಕಗಳಲ್ಲಿ ಕೆನಾಫ್ ಅಂತ ಬರುವುದು ಈ ಪುಂಡಿಯೇ. ಈ ನಾರಿಗೆ ಎಪಾಕ್ಸಿ ರೆಸಿನ್ ಅನ್ನುವ, ಗಟ್ಟಿಯಾಗುವ ಅಂಟು ಹಾಕಿ ಕಾಂಪೋಸಿಟ್ (ನಾರೂ ರೆಸಿನ್ನೂ ಸೇರಿದ ಗಟ್ಟಿ ವಸ್ತು) ಮಾಡಿ ಅದರ ಸವೆತ ಅಳೆಯೋಣ ಅನ್ನುವುದು ಅವಳ ಆಸೆ. ನಾನು ಒಂದೇ ಷರತ್ತು ಹಾಕಿದೆ. ಸುಮ್ನೆ ಲ್ಯಾಬಿನಲ್ಲಿ ತಿಕ್ಕಿ ಗ್ರಾಫ್ ಬರೆದು ಮುಗಿಸುವುದು ಬೇಡ, ಎಲ್ಲಾದರೂ ನಿಜವಾದ ಒಂದು ಯಂತ್ರದಲ್ಲಿ ಕೂರಿಸಿ ನೋಡಬೇಕು.

ಹಾಗೆ ಸಿಕ್ಕಿದ್ದು ಈ ಮಿಲ್ಲು. ಬಾಯಿಲ್ಡ್ ಅಕ್ಕಿ ಮಾಡುವ ಲೈನು. ಭತ್ತವನ್ನು ಬಿಸಿನೀರಿನಲ್ಲಿ ಕೆಲವು ಗಂಟೆ ನೆನೆಸಿ, ಆವಿ ಕೊಟ್ಟು, ಆಮೇಲೆ ಒಣಗಿಸುವ ಯಂತ್ರಕ್ಕೆ ಕಳಿಸುತ್ತಾರೆ. ಆವಿ ಕುಡಿದ ಒದ್ದೆ ಭತ್ತವನ್ನು ಅಲ್ಲಿಗೆ ಸಾಗಿಸುವುದು ಸ್ಕ್ರೂ ಕನ್ವೇಯರ್, ಅಂದರೆ ಶಾಫ್ಟ್ ಅನ್ನುವ ನಡುಕಂಬಿಯ ಜೊತೆ ತಿರುಗುತ್ತಾ ಭತ್ತವನ್ನು ಮುಂದೆ ತಳ್ಳುವ ಸುರುಳಿ. ಅದು ಉದ್ದ ಇದ್ದರೆ ಶಾಫ್ಟ್ ನಡುವೆ ಬಾಗುತ್ತದೆ. ಅದಕ್ಕೆ ಮೇಲಿನಿಂದ ಕೊಂಡಿ ಇಳಿಬಿಟ್ಟು, ಕೊಂಡಿಯೊಳಗೆ ಬುಶ್, ಅಂದರೆ ಶಾಫ್ಟ್ ತೂರಿ ತಿರುಗುವ ಗಿಡ್ಡ ಕೊಳವೆ, ಕೂರಿಸಿ ಶಾಫ್ಟ್ ಹಿಡಿಸುತ್ತಾರೆ. ಹ್ಯಾಂಗರ್ ಬುಶ್ ಅಂತ ಹೆಸರು. ಭತ್ತ, ನೀರು, ಬಿಸಿ ಎಲ್ಲ ಬಂದು ಬಡಿಯುವುದು ಈ ಬುಶ್‌ಗೆ.

ಮಾಲೀಕರ ತೊಂದರೆ ಸ್ಪಷ್ಟವಾಗಿತ್ತು. ಗನ್‌ಮೆಟಲ್ ಅಂದರೆ ತಾಮ್ರ, ತವರ ಬೆರೆತ ಲೋಹದ ಬುಶ್ ಹಾಕಿದರೆ ಗ್ರೀಸ್ ಬೇಕು. ಗ್ರೀಸ್ ಕರಗಿ ಭತ್ತದ ಮೇಲೆ ಬೀಳುತ್ತದೆ. ಅಕ್ಕಿಯಲ್ಲಿ ಕಪ್ಪು ಕಾಳು ಬಂದಿದೆ ಅಂತ ಒಂದು ಲೋಡು ವಾಪಸ್ ಬಂದಿತ್ತು. ನೈಲಾನ್ ಹಾಕಿ ನೋಡಿದ್ದರು. ನೈಲಾನ್ ಕೂಡ ನೀರು ಕುಡಿಯುತ್ತದೆ, ನೈಲಾನ್ 6 ಪೂರ್ತಿ ನೆಂದರೆ ತೂಕದಲ್ಲಿ ಶೇಕಡ 9ರ ಆಸುಪಾಸು ಏರುತ್ತದೆ. ಬಿಸಿಗೆ ಮೆತ್ತಗೂ ಆಗುತ್ತದೆ. ಜೊತೆಗೆ ಭತ್ತದ ಹೊಟ್ಟು. ಹೊಟ್ಟನ್ನು ಸುಟ್ಟರೆ ಹೆಚ್ಚುಕಡಿಮೆ ಐದನೇ ಒಂದು ಭಾಗ ಬೂದಿ ಉಳಿಯುತ್ತದೆ, ಆ ಬೂದಿಯಲ್ಲಿ ಬಹುಪಾಲು ಸಿಲಿಕಾ. ಅಂದರೆ ಹೊಟ್ಟಿನ ಪುಡಿ ಬುಶ್‌ಗೂ ಶಾಫ್ಟ್‌ಗೂ ನಡುವೆ ಸೇರಿದರೆ ಮರಳು ಕಾಗದ ಇಟ್ಟು ಉಜ್ಜಿದ ಹಾಗೆ. "ಗ್ರೀಸ್ ಬ್ಯಾಡದ ಬುಶ್ ಮಾಡಿಕೊಡ್ರಿ ಸರ, ನೀರಾಗ ತಿರುಗೋ ಹಂಗ ಇರಬೇಕು" ಅಂದರು ಮಾಲೀಕರು. ನಾರಿನ ಬುಶ್ ನೀರನ್ನೇ ಎಣ್ಣೆಯ ಹಾಗೆ ಬಳಸಿಕೊಳ್ಳುತ್ತದೆ ಅನ್ನುವ ಆಸೆ ನಮ್ಮದು. ಹಡಗಿನ ಶಾಫ್ಟ್‌ಗಳಿಗೆ ಗಟ್ಟಿ ಮರದ ಬುಶ್ ಹಾಕಿ ನೀರಿನಲ್ಲೇ ಓಡಿಸುತ್ತಿದ್ದ ಕಾಲ ಇತ್ತು. ಹಾಗಾಗಿ ಆಸೆ ತೀರಾ ಬುಡವಿಲ್ಲದ್ದೇನೂ ಆಗಿರಲಿಲ್ಲ.

ಮೊದಲ ಸುತ್ತು: ಒಣ ಲ್ಯಾಬಿನ ಒಳ್ಳೆಯ ಅಂಕಿ

ನಾರನ್ನು ಶೇಕಡ 5ರ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ನೆನೆಸಿ, ಚೆನ್ನಾಗಿ ತೊಳೆದು, ಒಣಗಿಸಿ, ರೆಸಿನ್ ಹಾಕಿ ಅಚ್ಚಿನಲ್ಲಿ ಒತ್ತಿದರು. ಕಾಸ್ಟಿಕ್ ಯಾಕೆ ಅಂದರೆ, ನಾರಿನ ಮೇಲಿನ ಮೇಣ, ನಾರಿನ ಎಳೆಗಳನ್ನು ಅಂಟಿಸಿ ಹಿಡಿಯುವ ಹೆಮಿಸೆಲ್ಯುಲೋಸ್, ಲಿಗ್ನಿನ್ ಒಂದಷ್ಟು ಬಿಟ್ಟುಹೋಗಿ ಮೈ ತರಿತರಿಯಾಗುತ್ತದೆ, ರೆಸಿನ್ ಗಟ್ಟಿಯಾಗಿ ಹಿಡಿಯುತ್ತದೆ. ನಾರಿನಲ್ಲಿ ನೀರನ್ನು ಜಾಸ್ತಿ ಎಳೆದುಕೊಳ್ಳುವುದು ಹೆಮಿಸೆಲ್ಯುಲೋಸೇ. ಅದು ಕಡಿಮೆಯಾದರೆ ನೀರೂ ಸ್ವಲ್ಪ ಕಡಿಮೆ ಹೋಗುತ್ತದೆ.

ಸವೆತ ನೋಡಲು ಪಿನ್-ಆನ್-ಡಿಸ್ಕ್ ಯಂತ್ರ ಬಳಸಿದೆವು. ಕಾಂಪೋಸಿಟ್ ತುಂಡನ್ನು ಪಿನ್ ಅಂತ ಹಿಡಿಸಿ, ತಿರುಗುವ ಗಟ್ಟಿ ಸ್ಟೀಲ್ ತಟ್ಟೆಯ ಮೇಲೆ ಭಾರ ಹಾಕಿ ಉಜ್ಜುವುದು. ಪಿನ್ 10 ಮಿಲಿಮೀಟರ್ ಚೌಕ, 20 ಮಿಲಿಮೀಟರ್ ಉದ್ದ, ಭಾರ 40 ನ್ಯೂಟನ್, ದೂರ 1000 ಮೀಟರ್. ನಾರು ತಟ್ಟೆಗೆ ನೇರವಾಗಿ ಅಂದರೆ ತುದಿ ಕೆಳಗೆ ಮಾಡಿ ನಿಂತಾಗ ಸವೆತ ಎಲ್ಲಕ್ಕಿಂತ ಕಡಿಮೆ ಬಂತು, ಸುಮಾರು 10 ಮಿಲಿಗ್ರಾಂ. ಕಾಂಪೋಸಿಟ್‌ನ ಸಾಂದ್ರತೆ ಸಿ.ಸಿ.ಗೆ 1.2 ಗ್ರಾಂ ಅಂತ ಹಿಡಿದರೆ ಎಂಟು ಘನ ಮಿಲಿಮೀಟರ್ ಚಿಲ್ಲರೆ. ಬರೀ ರೆಸಿನ್ ಪಿನ್ ಇದಕ್ಕಿಂತ ಎಷ್ಟೋ ಪಾಲು ಜಾಸ್ತಿ ಸವೆದಿತ್ತು. ಸ್ಟೀಲ್ ತಟ್ಟೆಯ ಮೇಲೆ ರೆಸಿನ್‌ನ ತೆಳು ಪದರ ಅಂಟಿಕೊಂಡು ಹೊಳೆಯುತ್ತಿತ್ತು. ಆ ಪದರವೇ ಪಿನ್ನನ್ನು ಕಾಪಾಡುತ್ತದೆ. ಮಕ್ಕಳು ಖುಷಿಯಾದರು, ನಾನೂ ಖುಷಿಯಾದೆ.

ಇಲ್ಲೇ ಮೊದಲ ತಪ್ಪು ನಡೆದುಹೋಯಿತು. ಪಿನ್‌ನಲ್ಲಿ ನಾರು ತುದಿಯ ಮೇಲೆ ನಿಂತಿತ್ತು. ಬುಶ್ ಮಾಡುವಾಗ ಅದು ಕಷ್ಟ. ನಾರಿನ ಪಟ್ಟಿಯನ್ನು ಕೊಳವೆಯ ಸುತ್ತ ಸುತ್ತಿ ಅಚ್ಚು ಹಾಕಿದೆವು. ಹಾಗಾಗಿ ಬುಶ್‌ನಲ್ಲಿ ನಾರು ಶಾಫ್ಟ್ ತಿರುಗುವ ದಿಕ್ಕಿಗೇ ಮಲಗಿತ್ತು. ನಾವು ಅಳೆದ ವಸ್ತು ಬೇರೆ, ಮಿಲ್ಲಿಗೆ ಕೊಟ್ಟ ವಸ್ತು ಬೇರೆ. ರೆಸಿನ್ ಕೂಡ ರೂಮಿನ ಬಿಸಿಯಲ್ಲೇ ಗಟ್ಟಿಯಾದದ್ದು. ಅಂಥ ಎಪಾಕ್ಸಿ ಸಾಮಾನ್ಯವಾಗಿ 50ರಿಂದ 60 ಡಿಗ್ರಿ ದಾಟುತ್ತಿದ್ದಂತೆ ಬಿಗಿ ಕಳೆದುಕೊಳ್ಳುತ್ತದೆ, ನೀರು ಕುಡಿದರೆ ಇನ್ನೂ ಮುಂಚೆಯೇ. ಭತ್ತ ಇದಕ್ಕಿಂತ ಬಿಸಿಯಾಗಿ ಬರುತ್ತದೆ ಅಂತ ಗೊತ್ತಿದ್ದೂ ನಾವು ಅದನ್ನು ಆ ದಿನ ಲೆಕ್ಕಕ್ಕೆ ತಗೊಳ್ಳಲಿಲ್ಲ.

ಮೂರನೇ ದಿನ ಶಾಫ್ಟ್ ಹಿಡಿದುಕೊಂಡಿತು

ಡಿಸೆಂಬರ್‌ನಲ್ಲಿ ಮೊದಲ ಬುಶ್ ಕೂರಿಸಿದೆವು. ಶಾಫ್ಟ್ 40 ಮಿಲಿಮೀಟರ್, ಗನ್‌ಮೆಟಲ್‌ಗೆ ಬಿಡುವ ಹಾಗೆ 0.15 ಮಿಲಿಮೀಟರ್ ಸಂದು. ಮೊದಲ ದಿನ ಬಹಳ ಚೆನ್ನಾಗಿ ಓಡಿತು, ಸದ್ದೇ ಇಲ್ಲ. ಮೂರನೇ ದಿನ ಬೆಳಿಗ್ಗೆ ಮೇಸ್ತ್ರಿ ಫೋನ್ ಮಾಡಿದರು. "ಸರ, ಶಾಫ್ಟ್ ಹಿಡಕೊಂಡೈತ್ರಿ. ಮೋಟಾರ್ ಟ್ರಿಪ್ ಆಗಾಕತ್ತೈತಿ."

ನಾವು ಓಡಿದೆವು. ಬುಶ್ ಸವೆದಿರಲಿಲ್ಲ. ಬೀಗಿತ್ತು.

ಲೆಕ್ಕ ಮಾಡಿದರೆ ನಾಚಿಕೆಯಾಗುವಷ್ಟು ಸುಲಭ. ಬುಶ್‌ನ ಗೋಡೆ 8 ಮಿಲಿಮೀಟರ್ ದಪ್ಪ. ನೀರು ಕುಡಿದು ಶೇಕಡ 3ರಷ್ಟು ಊದಿದರೆ 0.24 ಮಿಲಿಮೀಟರ್. ಹೊರಗೆ ಕಬ್ಬಿಣದ ಕೊಂಡಿ ಇದೆ, ಆ ಕಡೆ ಹಿಗ್ಗಲು ಜಾಗ ಇಲ್ಲ. ಊದಿದ್ದೆಲ್ಲ ಒಳಗೇ ಬರಬೇಕು. ಎರಡೂ ಕಡೆ ಸೇರಿ ತೂತು ಸುಮಾರು ಅರ್ಧ ಮಿಲಿಮೀಟರ್ ಕಿರಿದಾಗುತ್ತದೆ. ನಾವು ಬಿಟ್ಟಿದ್ದು 0.15.

ಇದನ್ನು ಇಷ್ಟು ಬಿಡಿಸಿ ಹೇಳುತ್ತಿರುವುದಕ್ಕೆ ಕಾರಣ ಇದೆ. ಲ್ಯಾಬಿಗೆ ವಾಪಸ್ ಹೋಗಿ ಪಿನ್‌ಗೆ ನೀರು ಹನಿಸುತ್ತಾ ಉಜ್ಜಿದಾಗ ಘರ್ಷಣೆ ಕಡಿಮೆಯಾಯಿತು. ಒಣಗಿದ್ದಾಗ ಘರ್ಷಣೆಯ ಗುಣಾಂಕ 0.5ರ ಆಸುಪಾಸು ಇತ್ತು, ನೀರು ಹನಿಸಿದಾಗ 0.3ರ ಕೆಳಗೆ ಇಳಿಯಿತು. ನೀರಿನ ಪದರ ನಡುವೆ ಸೇರಿ ಜಾರಿಸುತ್ತದೆ, ಬಿಸಿಯನ್ನೂ ಎಳೆದುಕೊಳ್ಳುತ್ತದೆ. ಪಿನ್ ಪ್ರಕಾರ ನೀರು ಒಳ್ಳೆಯದು, ಆದರೆ ಮಿಲ್ಲಿನಲ್ಲಿ ಅದೇ ನೀರು ಮೋಟಾರನ್ನು ನಿಲ್ಲಿಸಿತ್ತು. ಪಿನ್‌ಗೆ ಸುತ್ತ ಗೋಡೆ ಇಲ್ಲ, ಊದಿದರೂ ಯಾರನ್ನೂ ಹಿಡಿಯುವುದಿಲ್ಲ. ಬುಶ್‌ಗೆ ಗೋಡೆ ಇದೆ. ಪಿನ್-ಆನ್-ಡಿಸ್ಕ್ ಅಂಕಿ ನೋಡಿ ಬುಶ್ ಮಾಡಲು ಹೊರಟವರು ಈ ಒಂದು ವಿಷಯವನ್ನು ಗೋಡೆಯ ಮೇಲೆ ಬರೆದು ಅಂಟಿಸಿಕೊಳ್ಳಬೇಕು ಅಂತ ನನಗೆ ಅನಿಸುತ್ತದೆ.

ಸಂದು ಎಷ್ಟು ಬಿಡಬೇಕು ಅಂತ ನಾವು ಪೇಪರ್ ಮೇಲೆ ಲೆಕ್ಕ ಹಾಕುತ್ತಾ ಕೂತಿದ್ದಾಗ ದಾರಿ ತೋರಿಸಿದವರು ಮೇಸ್ತ್ರಿ. "ತಂಗಿ, ಮೊದ್ಲ ನೀರಾಗ ಹಾಕ್ರಿ. ಎಷ್ಟ್ ಊದತೈತೋ ಊದಲಿ. ಆಮ್ಯಾಲ ನಾನು ಲೇತ್‌ನಾಗ ಬೋರ್ ಹೊಡದು ಕೊಡ್ತೀನಿ." ಬೋರ್ ಹೊಡೆಯುವುದು ಅಂದರೆ ಒಳಗಿನ ತೂತನ್ನು ಅಳತೆಗೆ ಕೊರೆಯುವುದು. ಸರಿಯಾದ ಮಾತು. ಎರಡನೇ ಬುಶ್‌ಗಳನ್ನು ಹಾಗೆಯೇ ಮಾಡಿದೆವು. ಈ ಸಲ ರೆಸಿನ್ ಗಟ್ಟಿಯಾದ ಮೇಲೆ ಓವನ್‌ನಲ್ಲಿ 80 ಡಿಗ್ರಿಯಲ್ಲಿ ಕೆಲವು ಗಂಟೆ ಕಾಯಿಸಿದೆವು, ಬಿಸಿ ತಡೆಯುವ ಶಕ್ತಿ ಬರಲಿ ಅಂತ. ಆಮೇಲೆ ಬಿಸಿನೀರಿನಲ್ಲಿ ಇಟ್ಟು ದಿನಾ ತೂಗಿದೆವು. ತೂಕ ಏರುವ ರೀತಿ ಪುಸ್ತಕದಲ್ಲಿ ಹೇಳಿದ ಹಾಗೆಯೇ ಇತ್ತು. ಶುರುವಿಗೆ ಬೇಗ ಬೇಗ, ಸಮಯದ ವರ್ಗಮೂಲಕ್ಕೆ ತಕ್ಕಂತೆ. ಆಮೇಲೆ ನಿಧಾನ. ಕೊನೆಗೆ ನಿಂತುಬಿಡುತ್ತದೆ. ತಣ್ಣೀರಿನಲ್ಲಿ ವಾರಗಟ್ಟಲೆ ಹಿಡಿದದ್ದು ಬಿಸಿನೀರಿನಲ್ಲಿ ಕೆಲವೇ ದಿನಕ್ಕೆ ಮುಗಿಯಿತು. ತೂಕ ನಿಂತ ಮೇಲೆ ಮೇಸ್ತ್ರಿ ಒದ್ದೆ ಬುಶ್ಶನ್ನೇ ಲೇತ್‌ಗೆ ಹಾಕಿ ಬೋರ್ ಹೊಡೆದರು.

ಜನವರಿಯಲ್ಲಿ ಕೂರಿಸಿದ ಈ ಬುಶ್ ಏಳು ವಾರ ಓಡಿತು. ಕ್ಲ್ಯಾಂಪ್ ಮೀಟರ್ ಹಿಡಿದು ನೋಡಿದರೆ ಮೋಟಾರ್ ಎಳೆಯುವ ಕರೆಂಟು ಗನ್‌ಮೆಟಲ್ ಇದ್ದಾಗ ಎಷ್ಟಿತ್ತೋ ಅಷ್ಟೇ. ಗ್ರೀಸ್ ಇಲ್ಲ. ಮಾಲೀಕರು ಇನ್ನೂ ನಾಲ್ಕು ಬುಶ್ ಕೇಳಿದರು.

ಸವೆತ ಮೈನಸ್ ಬಂದ ದಿನ

ಬುಶ್ ಮಿಲ್ಲಿನಲ್ಲಿ ಓಡುತ್ತಿರುವಾಗ ಲ್ಯಾಬಿನಲ್ಲಿ ಮಕ್ಕಳು ಏಜಿಂಗ್ (ನೆನೆಸಿ ಹಳತು ಮಾಡುವ) ಪಿನ್‌ಗಳ ಕೆಲಸ ಮಾಡುತ್ತಿದ್ದರು. ನಾಲ್ಕು ಡಬ್ಬಿ: ಕಾಲುವೆ ನೀರು, ಮಿಲ್ಲಿನ ನೆನೆಹಾಕುವ ತೊಟ್ಟಿಯ ಹುಳಿ ವಾಸನೆಯ ನೀರು, ಡೀಸೆಲ್, ಎಂಜಿನ್ ಆಯಿಲ್. ಆರು ವಾರ ನೆನೆಸಿ, ತೆಗೆದು, ಒರೆಸಿ, ತೂಗಿ, ಉಜ್ಜಿ, ಮತ್ತೆ ತೂಗುವುದು.

ಒಂದು ಸಂಜೆ ಹುಡುಗಿ ಕಣ್ಣಲ್ಲಿ ನೀರು ತುಂಬಿಕೊಂಡು ಬಂದಳು. "ಸರ್, ಸವೆತ ಮೈನಸ್ ಬರ್ತಿದೆ." ನೀರು ಹನಿಸುತ್ತಾ ಉಜ್ಜಿದ ಪಿನ್ ಉಜ್ಜಿದ ಮೇಲೆ ತೂಕ ಜಾಸ್ತಿಯಾಗಿತ್ತು. ಅದೇ ತರ ನೆನೆದ ಇನ್ನೊಂದು ಪಿನ್ನನ್ನು ನೀರು ಹನಿಸದೆ ಉಜ್ಜಿದರೆ ಒಣ ಪಿನ್‌ಗಿಂತ ಐದು ಪಟ್ಟು ತೂಕ ಕಳೆದುಕೊಂಡಿತ್ತು. ಒಂದು ಅಂಕಿ ಹೇಳುವುದು ಬುಶ್ ಸವೆಯುವುದೇ ಇಲ್ಲ ಅಂತ, ಇನ್ನೊಂದು ಹೇಳುವುದು ಬುಶ್ ವಾರಕ್ಕೆ ಮುಗಿಯುತ್ತದೆ ಅಂತ. ಹುಡುಗರಲ್ಲಿ ಒಬ್ಬ ಎರಡರ ಸರಾಸರಿ ಹಾಕೋಣ ಅಂದ. ಬೇಡ ಅಂದೆ. ಇಡೀ ಪ್ರಕರಣದಲ್ಲಿ ನಾನು ತಗೊಂಡ ಸರಿಯಾದ ತೀರ್ಮಾನ ಯಾವುದು ಅಂದರೆ ಅದೊಂದೇ ಅಂತ ಈಗಲೂ ಅಂದುಕೊಳ್ಳುತ್ತೇನೆ.

ಕೂತು ಲೆಕ್ಕ ಮಾಡಿದೆವು. ಪಿನ್‌ನ ತೂಕ ಸುಮಾರು 2.4 ಗ್ರಾಂ. ಶೇಕಡ 8ರಷ್ಟು ನೀರು ಕುಡಿದಿದೆ, ಅಂದರೆ 190 ಮಿಲಿಗ್ರಾಂ ನೀರು. ನಾವು ಹುಡುಕುತ್ತಿರುವ ಸವೆತ ಎಷ್ಟು? ಹತ್ತೋ ಇಪ್ಪತ್ತೋ ಮಿಲಿಗ್ರಾಂ. ಪಿನ್‌ನೊಳಗಿನ ನೀರು ಸವೆತಕ್ಕಿಂತ ಹತ್ತಿಪ್ಪತ್ತು ಪಟ್ಟು ಜಾಸ್ತಿ. ನೀರು ಹನಿಸದೆ ಉಜ್ಜಿದಾಗ ತಿಕ್ಕಾಟದ ಬಿಸಿಗೆ ಒಳಗಿನ ನೀರು ಆರಿ ಹೋಗುತ್ತದೆ, ತಕ್ಕಡಿ ಅದನ್ನೂ ಸವೆತ ಅಂತ ತೋರಿಸುತ್ತದೆ. ನೀರು ಹನಿಸಿದಾಗ ಹೊಸದಾಗಿ ಉಜ್ಜಿದ ಮುಖದಲ್ಲಿ ನಾರಿನ ತುದಿಗಳು ಬಾಯಿ ತೆರೆದುಕೊಂಡು ಇನ್ನಷ್ಟು ನೀರು ಹೀರುತ್ತವೆ, ಸವೆತ ಮುಚ್ಚಿಹೋಗುತ್ತದೆ. ತಕ್ಕಡಿ ತೋರಿಸುತ್ತಿದ್ದದ್ದು ನೀರಿನ ಲೆಕ್ಕ.

ಹಾಗಾದರೆ ಹೇಗೆ ಅಳೆಯುವುದು? ಓವನ್‌ನಲ್ಲಿ ಒಣಗಿಸಿ ತೂಗೋಣ ಅಂದರೆ ಒಣಗಿಸಿದ ಪಿನ್ ನೆನೆದ ಪಿನ್ ಆಗಿ ಉಳಿಯುವುದಿಲ್ಲ. ಕೊನೆಗೆ ಮೂರು ದಾರಿ ಹಿಡಿದೆವು. ಒಂದು, ತೂಕ ಬಿಟ್ಟು ಪಿನ್‌ನ ಉದ್ದ ಎಷ್ಟು ಕಡಿಮೆಯಾಯಿತು ಅಂತ ನೋಡುವುದು. ಇನ್ನೊಂದು, ಪ್ರತಿ ಪಿನ್‌ಗೆ ಒಂದು ಜೊತೆ ಪಿನ್ ಇಟ್ಟು, ಅದನ್ನು ಉಜ್ಜದೆ ಅಷ್ಟೇ ಹೊತ್ತು ಅದೇ ಹನಿ ಕೆಳಗೆ ಹಿಡಿದು, ಅದರ ತೂಕದ ಬದಲಾವಣೆಯನ್ನು ಕಳೆಯುವುದು. ಮೂರನೆಯದು, ಕೆಲವು ಪಿನ್‌ಗಳನ್ನು ನೆನೆಸುವ ಮುಂಚೆ ಒಣ ತೂಕ ಬರೆದುಕೊಂಡು, ಉಜ್ಜಿಯಾದ ಮೇಲೆ 50 ಡಿಗ್ರಿಯಲ್ಲಿ ತೂಕ ನಿಲ್ಲುವವರೆಗೆ ಒಣಗಿಸಿ ಮತ್ತೆ ತೂಗುವುದು. ಉಜ್ಜುವಾಗ ಅವು ಒದ್ದೆಯೇ ಇರುತ್ತವೆ, ಒಣಗುವುದು ಆಮೇಲೆ. ಮೂರೂ ಒಂದೇ ಅಂಕಿ ಕೊಡಲಿಲ್ಲ. ಆದರೆ ಮೂರೂ ಒಂದೇ ಮಾತು ಹೇಳಿದವು: ನೀರಿನಲ್ಲಿ ಹಳತಾದ ಪಿನ್ ಒಣ ಪಿನ್‌ಗಿಂತ ಎರಡು ಪಟ್ಟಿಗೂ ಸ್ವಲ್ಪ ಜಾಸ್ತಿ ಸವೆಯುತ್ತದೆ. ಘರ್ಷಣೆ ಕಡಿಮೆ, ಸವೆತ ಜಾಸ್ತಿ. ಈ ಎರಡು ಒಟ್ಟಿಗೆ ಬರಬಹುದು ಅಂತ ಮಕ್ಕಳು ನಂಬಲು ಸ್ವಲ್ಪ ದಿನ ಹಿಡಿಯಿತು.

ಕಾರಣ ನಾರು ಮತ್ತು ರೆಸಿನ್ ಸೇರುವ ಜಾಗದಲ್ಲಿದೆ. ನಾರು ನೀರು ಕುಡಿದು ಊದುತ್ತದೆ, ರೆಸಿನ್ ಅಷ್ಟು ಊದುವುದಿಲ್ಲ. ಎರಡರ ನಡುವಿನ ಹಿಡಿತ ಬಿಡುತ್ತದೆ. ರೆಸಿನ್ ಮೆತ್ತಗಾಗುತ್ತದೆ. ಸ್ಟೀಲ್ ಮೇಲೆ ಅಂಟಿಕೊಂಡು ಕಾಪಾಡುತ್ತಿದ್ದ ಪದರ ನೀರಿನಲ್ಲಿ ನಿಲ್ಲುವುದಿಲ್ಲ, ತೊಳೆದು ಹೋಗುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಣ ಪಿನ್‌ನಲ್ಲಿ ನಾರಿನ ತುದಿ ರೆಸಿನ್ ಮಟ್ಟಕ್ಕೇ ಉಜ್ಜಿ ನುಣುಪಾಗಿತ್ತು. ನೆನೆದ ಪಿನ್‌ನಲ್ಲಿ ನಾರು ಕಿತ್ತುಬಂದ ಗುಳಿಗಳು, ಸುತ್ತ ಕಪ್ಪು ಗೆರೆಯ ಹಾಗೆ ಸಂದು.

ಎಂಜಿನ್ ಆಯಿಲ್ ಪಿನ್‌ಗಳು ಬೇರೆ ತರ. ಅವು ಬಹಳ ಕಡಿಮೆ ಹೀರಿದ್ದವು. ನಾರಿನ ಸೆಲ್ಯುಲೋಸ್‌ನಲ್ಲಿರುವ ಹೈಡ್ರಾಕ್ಸಿಲ್ ಗುಂಪುಗಳಿಗೆ ನೀರೆಂದರೆ ಇಷ್ಟ, ಎಣ್ಣೆ ಅಲ್ಲ. ಎಣ್ಣೆ ಹೋದದ್ದು ಕತ್ತರಿಸಿದ ನಾರಿನ ತುದಿಗೆ ಮತ್ತು ಗಾಳಿಗುಳ್ಳೆಯ ಜಾಗಕ್ಕೆ ಮಾತ್ರ. ಆದರೆ ಉಜ್ಜುವಾಗ ಆ ಎಣ್ಣೆಯೇ ನಿಧಾನಕ್ಕೆ ಹೊರಬಂದು ಮುಖ ಜಾರುವ ಹಾಗೆ ಮಾಡಿತು, ಘರ್ಷಣೆಯೂ ಸವೆತವೂ ಕಡಿಮೆ. ಡೀಸೆಲ್ ಪಿನ್ ಮೊದಲ ಕೆಲವು ನಿಮಿಷ ಜಾರಿತು, ಆಮೇಲೆ ಒಣ ಪಿನ್ ದಾರಿಗೇ ಬಂತು. ಇದನ್ನು ನೋಡಿ ನಮಗೆ ನಮ್ಮ ಬಂಡಿಗಳ ಕೀಲೆಣ್ಣೆ ನೆನಪಾಯಿತು, ಬುಶ್ಶನ್ನು ನೀರಿಗೆ ಹಾಕುವ ಮುಂಚೆ ಔಡಲ ಎಣ್ಣೆಯಲ್ಲಿ ನೆನೆಸಿದೆವು. ನೀರು ಒಳಗೆ ಹೋಗುವುದು ನಿಧಾನವಾಯಿತು, ಪೂರ್ತಿ ನಿಲ್ಲಲಿಲ್ಲ. ತುದಿಗಳಿಗೆ ರೆಸಿನ್ ಬಳಿದು ಮುಚ್ಚಿದೆವು. ಅದೂ ಅಷ್ಟೇ. ಶಾಫ್ಟ್ ತಾಗುವ ಮುಖದ ಮೇಲೆ ಬಳಿದದ್ದು ಎರಡು ದಿನಕ್ಕೆ ಸವೆದು ಹೋಗುತ್ತದೆ ಅಲ್ವಾ.

ಐದು ವಾರದ ಬಿಸಿಲು

ಮಾರ್ಚ್‌ನಲ್ಲಿ ಆರ್ಡರ್ ಇಲ್ಲದೆ ಬಾಯಿಲ್ಡ್ ಲೈನು ನಿಂತಿತು. ಐದು ವಾರ. ನಮ್ಮ ಕಡೆಯ ಬೇಸಿಗೆ ಹೇಗಿರುತ್ತದೆ ಅಂತ ಹೇಳಬೇಕಿಲ್ಲ, ತಗಡಿನ ಶೀಟ್ ಕೆಳಗೆ ನಿಂತರೆ ತಲೆ ಸುಡುತ್ತದೆ. ಎರಡನೇ ಬೆಳೆಯ ಭತ್ತ ಬಂದು ಲೈನು ಶುರುಮಾಡಿದರು. ಏಳು ವಾರ ತೊಂದರೆ ಇಲ್ಲದೆ ಓಡಿದ್ದ ಬುಶ್ ಹನ್ನೊಂದನೇ ದಿನಕ್ಕೆ ಗಡಗಡ ಅನ್ನತೊಡಗಿತು. ತೆಗೆದು ನೋಡಿದರೆ ಒಳಗಿನ ಮುಖ ಎಳೆ ಎಳೆಯಾಗಿ ಎದ್ದುಬಂದಿತ್ತು, ಶಾಫ್ಟ್ ಮೇಲೂ ಗೀರು.

ಇದಕ್ಕೆ ಬೀಜ ಬಿತ್ತಿದ್ದು ನಮ್ಮ ಒಳ್ಳೆಯ ತೀರ್ಮಾನವೇ. ಒದ್ದೆ ಇದ್ದಾಗ ಬೋರ್ ಹೊಡೆದ ಬುಶ್ ಒಣಗಿದರೆ ಕುಗ್ಗುತ್ತದೆ. ಕೊಂಡಿಯಲ್ಲಿ ಸಡಿಲಾಗುತ್ತದೆ. ಊದುವಾಗ ರೆಸಿನ್‌ನಿಂದ ಬಿಟ್ಟುಕೊಂಡ ನಾರು ಒಣಗುವಾಗ ತಾನೂ ಸೊರಗಿ, ಸುತ್ತ ಖಾಲಿ ಜಾಗ ಬಿಡುತ್ತದೆ. ಅದು ಬಿರುಕಾಗುತ್ತದೆ. ಮತ್ತೆ ನೆನೆದಾಗ ನೀರು ಆ ಬಿರುಕಿನಲ್ಲಿ ಮೊದಲಿಗಿಂತ ಬೇಗ ಒಳಗೆ ಹೋಗುತ್ತದೆ, ಹೊಟ್ಟಿನ ಪುಡಿಯೂ ಹೋಗಿ ಕೂರುತ್ತದೆ. ಆಗ ಸಿಲಿಕಾಗೆ ಉಜ್ಜಲು ಹಿಡಿ ಸಿಕ್ಕ ಹಾಗೆ.

ಮೇಸ್ತ್ರಿ ಬುಶ್ಶನ್ನು ಕೈಯಲ್ಲಿ ತಿರುಗಿಸಿ ನೋಡುತ್ತಾ ಬಂಡಿ ಗಾಲಿಯ ಮಾತು ತೆಗೆದರು. ಬೇಸಿಗೆಯಲ್ಲಿ ಕಟ್ಟಿಗೆ ಒಣಗಿ ಗಾಲಿಯ ಕಬ್ಬಿಣದ ಪಟ್ಟಿ ಸಡಿಲಾದರೆ ಅವರ ಅಪ್ಪ ಗಾಲಿಯನ್ನು ಹಳ್ಳದ ನೀರಿನಲ್ಲಿ ಮಲಗಿಸುತ್ತಿದ್ದರಂತೆ. ನಾವು ನೆನೆಸಿದ್ದು ಬಹಳ, ಒಣಗಿಸಿ ಮತ್ತೆ ನೆನೆಸಿ ನೋಡಿದ್ದು ಒಮ್ಮೆಯೂ ಇಲ್ಲ. ಆರು ವಾರ ಸತತ ನೆನೆಸಿದ ಪಿನ್ ಮಿಲ್ಲಿನ ಬದುಕಲ್ಲ. ಮಿಲ್ಲಿನ ಬದುಕು ಅಂದರೆ ಬಿಸಿ ಆವಿ, ನಂತರ ತಣ್ಣಗೆ ತೊಳೆದ ಕಾಲುವೆ ನೀರು, ನಂತರ ಭಾನುವಾರದ ಗಾಳಿ, ನಂತರ ಬೇಸಿಗೆಯ ಐದು ವಾರ.

ಉಳಿದಿದ್ದ ಪಿನ್‌ಗಳಲ್ಲಿ ಅದನ್ನೇ ಮಾಡಿದೆವು. ಒಂದು ಗುಂಪು ಸತತ ನೀರಿನಲ್ಲಿ. ಇನ್ನೊಂದು ಗುಂಪು ನಾಲ್ಕು ದಿನ ನೀರು, ಮೂರು ದಿನ ತಾರಸಿಯ ಬಿಸಿಲು, ಹೀಗೆ ಐದು ಸುತ್ತು. ಒಟ್ಟು ನೀರಿನಲ್ಲಿ ಇದ್ದ ದಿನ ಎರಡನೇ ಗುಂಪಿಗೇ ಕಡಿಮೆ. ಆದರೂ ಅದೇ ಜಾಸ್ತಿ ಸವೆಯಿತು, ಮತ್ತು ಘರ್ಷಣೆಯ ಗೆರೆ ಗ್ರಾಫ್‌ನಲ್ಲಿ ನಿಲ್ಲದೆ ಮೇಲೆ ಕೆಳಗೆ ಕುಣಿಯಿತು. ಕಾಸ್ಟಿಕ್ ಹಾಕದ ನಾರಿನ ಪಿನ್‌ಗಳು ಈ ಪರೀಕ್ಷೆಯಲ್ಲಿ ಎಲ್ಲಕ್ಕಿಂತ ಕೆಟ್ಟು ಹೋದವು. ಕಾಸ್ಟಿಕ್ ಸಂಸ್ಕಾರದ ಬೆಲೆ ಒಣ ಪರೀಕ್ಷೆಗಿಂತ ಇಲ್ಲಿ ಚೆನ್ನಾಗಿ ಕಂಡಿತು.

ತೆಗೆದದ್ದು, ಉಳಿಸಿದ್ದು

ಮಾಲೀಕರಿಗೆ ಕೊಡಬೇಕಿದ್ದ ನಾಲ್ಕು ಬುಶ್ ತಯಾರಿದ್ದವು. ಕೊಡುವುದೋ ಬೇಡವೋ ಅಂತ ಮಾತಾಡುತ್ತಿದ್ದಾಗ ಹುಡುಗಿ ಇನ್ನೊಂದು ಪ್ರಶ್ನೆ ಕೇಳಿದಳು. "ಸರ್, ಗ್ರೀಸ್ ಬೀಳಬಾರದು ಅಂತ ಶುರುಮಾಡಿದ್ವಿ. ಈಗ ಸವೆದ ರೆಸಿನ್ ಪುಡಿ ಎಲ್ಲಿ ಬೀಳ್ತಿದೆ?" ಭತ್ತದ ಮೇಲೆ. ಹೊಟ್ಟು ಇನ್ನೂ ಇದೆ, ಆಮೇಲೆ ಸುಲಿಯುತ್ತಾರೆ, ನಿಜ. ಆದರೆ ತಿನ್ನುವ ವಸ್ತುವಿಗೆ ತಾಗಬಹುದು ಅಂತ ಪರೀಕ್ಷೆ ಆದ ರೆಸಿನ್ ಅದಲ್ಲ. ಈ ಪ್ರಶ್ನೆಯನ್ನು ಮೊದಲ ದಿನವೇ ನಾನು ಕೇಳಬೇಕಿತ್ತು.

ಮಾಲೀಕರ ಮುಂದೆ ಎಲ್ಲವನ್ನೂ ಹೇಳಿದೆವು. ಅವರು ಸಿಟ್ಟಾಗಲಿಲ್ಲ. "ಏಳು ವಾರ ಓಡೈತಲ್ರಿ ಸರ, ಸುಳ್ಳಲ್ಲ. ಬ್ಯಾರೆ ಕಡೆ ಹಾಕಿ ನೋಡೋಣ" ಅಂದರು. ಬಿಸಿ ಕನ್ವೇಯರ್‌ಗೆ ಮತ್ತೆ ಗನ್‌ಮೆಟಲ್ ಬಂತು, ಗ್ರೀಸ್ ಕೆಳಗೆ ಬೀಳದ ಹಾಗೆ ಎರಡೂ ಬದಿಗೆ ಸೀಲ್ ಹಾಕಿಸಿದರು. ನಾರಿನ ಬುಶ್ ಹೋದದ್ದು ತ್ಯಾಜ್ಯ ನೀರಿನ ತೊಟ್ಟಿಗೆ. ಅಲ್ಲಿ ನೀರು ಕಲಕುವ ಒಂದು ಶಾಫ್ಟ್ ನಿಧಾನಕ್ಕೆ ತಿರುಗುತ್ತದೆ, ಅದರ ಕೆಳತುದಿಯ ಬುಶ್ ಯಾವಾಗಲೂ ಮುಳುಗಿರುತ್ತದೆ. ನೀರು ತಣ್ಣಗೆ. ಭತ್ತ ಇಲ್ಲ. ತೊಟ್ಟಿ ಖಾಲಿ ಮಾಡುವ ದಿನ ಬುಶ್ಶನ್ನು ಬಿಚ್ಚಿ ಬಕೆಟ್ ನೀರಿನಲ್ಲಿ ಇಡಬೇಕು ಅಂತ ಮೇಸ್ತ್ರಿ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದಾರೆ.

ಈ ಜಾಗಕ್ಕೆ ಬುಶ್ ಮಾಡುವಾಗ ಕ್ರಮ ತಿರುಗಿಸಿದೆವು. ಪಿನ್ನನ್ನು ಬುಶ್‌ನಿಂದಲೇ ಕತ್ತರಿಸಿ ತೆಗೆದೆವು, ನಾರು ಮಲಗಿರುವ ದಿಕ್ಕು ಎರಡರಲ್ಲೂ ಒಂದೇ ಆಗಲಿ ಅಂತ. ನೆನೆಸಿದ್ದು ಆ ತೊಟ್ಟಿಯ ನೀರಿನಲ್ಲೇ. ಸವೆತ ನೋಡಲು ತಕ್ಕಡಿ ಬಳಸುವುದಿಲ್ಲ. ಒದ್ದೆ ಬುಶ್‌ನ ತೂತನ್ನು ಬೋರ್ ಗೇಜ್ ಹಾಕಿ ನಾಲ್ಕು ಕಡೆ ಅಳೆದು ಬರೆಯುತ್ತೇವೆ.

ಒಂದು ಆತಂಕ ಉಳಿದಿದೆ. ಪುಂಡಿ ಕಾಂಡದಿಂದ ನಾರು ಬಿಡಿಸಿಕೊಟ್ಟದ್ದು ಕೆರೆಯ ನೀರಿನ ಸೂಕ್ಷ್ಮಜೀವಿಗಳು. ತ್ಯಾಜ್ಯ ನೀರಿನಲ್ಲಿ ಅಂಥವು ತುಂಬ ಇರುತ್ತವೆ. ಸವೆದು ಬಾಯಿ ತೆರೆದ ನಾರಿನ ತುದಿಗಳನ್ನು ಅವು ಒಳಗಿನಿಂದ ತಿನ್ನಲು ಶುರುಮಾಡಿದರೆ ಗೇಜ್‌ಗೆ ಕಾಣುವುದಿಲ್ಲ, ಒಂದು ದಿನ ಬುಶ್ ಸುಮ್ಮನೆ ಕುಸಿಯುತ್ತದೆ. ಅದಕ್ಕೆ ಬುಶ್‌ನ ಜೊತೆಗೇ ಎಂಟು ಪಿನ್‌ಗಳನ್ನು ದಾರಕ್ಕೆ ಕಟ್ಟಿ ತೊಟ್ಟಿಯಲ್ಲಿ ಇಳಿಬಿಟ್ಟಿದ್ದೇವೆ. ಎರಡು ತಿಂಗಳಿಗೆ ಒಂದನ್ನು ಎತ್ತಿ, ಅರ್ಧಕ್ಕೆ ಮುರಿದು, ಮುರಿದ ಜಾಗ ನೋಡುತ್ತೇವೆ. ಮೂರು ಎತ್ತಿದ್ದೇವೆ. ಮೂರನೆಯದರಲ್ಲಿ ತುದಿಯಿಂದ ಎರಡು ಮಿಲಿಮೀಟರ್ ಒಳಗಿನವರೆಗೆ ನಾರಿನ ಬಣ್ಣ ಕಂದಾಗಿತ್ತು. ಇನ್ನೂ ಐದು ನೀರಿನಲ್ಲಿವೆ.